ಮೂರು ಒಣ ಬೆಳಗುಗಳು

ಇಲ್ಲಿ ಹೇಳುವ ಘಟನೆಗಳು ಅಕ್ಟೋಬರ್ ಆರರ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗಿ ನವೆಂಬರ್ ಎರಡರ ಶನಿವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಮುಗಿದವು. ಒಟ್ಟು ಇಪ್ಪತ್ತೆಂಟು ದಿನ. ಮೊದಲ ದಿನ ನಾನು ಒಂದು ತಪ್ಪು ವರದಿಗೆ ಸಹಿ ಹಾಕಿದೆ. ಎರಡನೆಯ ದಿನ ಆ ವರದಿಯನ್ನೇ ಆಧಾರವಾಗಿಟ್ಟುಕೊಂಡು ಒಂದು ತಂಡವನ್ನು ಕ್ರೀಡಾಂಗಣದಿಂದ ಹೊರಗೆ ಹಾಕುವ ನಿರ್ಧಾರವಾಯಿತು. ಉಳಿದ ಇಪ್ಪತ್ತಾರು ದಿನಗಳು ಆ ಸಹಿಯನ್ನು ಸರಿಪಡಿಸುವುದಕ್ಕೆ ಬೇಕಾದವು.

ಕ್ರೀಡಾಂಗಣ ಕೊಲ್ಲಿ ನಾಡಿನ ನಮ್ಮ ನಗರದಲ್ಲಿ, ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯನ್ನು ದಾಟಿ ಎಡಕ್ಕೆ ತಿರುಗಿದರೆ ಸಿಗುತ್ತದೆ. ಎಂಟುನೂರು ಆಸನಗಳು, ಒಂದು ಪಂಪ್ ಶೆಡ್ಡು, ಒಂದೇ ಒಂದು ಹುಲ್ಲಿನ ಅಂಗಣ. ಗುರುವಾರ ಸಂಜೆ ಅಲ್ಲಿ ಮಹಿಳೆಯರ ರಗ್ಬಿ ತಂಡ ಆಡುತ್ತದೆ. ಶುಕ್ರವಾರ ಸಂಜೆ ಫುಟ್‌ಬಾಲ್ ತಂಡ. ಮೂರು ವರ್ಷಗಳಿಂದ ಇದೇ ಏರ್ಪಾಡು. ಹುಲ್ಲನ್ನು ನೋಡಿಕೊಳ್ಳುವ ಗುತ್ತಿಗೆ ನಾನು ಕೆಲಸ ಮಾಡುವ ಕಂಪನಿಯದು. ಮೈಸೂರಿನಲ್ಲಿ ಮಣ್ಣುವಿಜ್ಞಾನ ಓದಿ, ಅಲ್ ಅಜೈಬಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ನಾನು ಈ ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳಾಗಿತ್ತು.

ಆ ಭಾನುವಾರ ಅಂಗಣದ ಸ್ಥಿತಿ ಕಣ್ಣಿಗೆ ಕಾಣುವಷ್ಟು ಕೆಟ್ಟಿತ್ತು. ಹುಲ್ಲು ತೇಪೆ ತೇಪೆಯಾಗಿ ಕಂದಿತ್ತು. ಕಾಲಿನಿಂದ ಉಜ್ಜಿದರೆ ಬೇರುಸಹಿತ ಕಿತ್ತು ಬರುತ್ತಿತ್ತು. ಅಲ್ಲಲ್ಲಿ ನೆಲದ ಮೇಲೆ ತೆಳುವಾದ ಬಿಳಿ ಪುಡಿ. ನಾನು ರಗ್ಬಿಯ ಸ್ಕ್ರಮ್ ನಡೆಯುವ ಜಾಗಗಳನ್ನು ಅಳೆದೆ. ಎರಡೂ ಕಡೆಯ ಎಂಟೆಂಟು ಮಂದಿ ಭುಜಕ್ಕೆ ಭುಜ ಕೊಟ್ಟು ಒಬ್ಬರನ್ನೊಬ್ಬರು ತಳ್ಳುವುದು ಸ್ಕ್ರಮ್. ಅಲ್ಲಿ ಹುಲ್ಲು ಮುಚ್ಚಿದ್ದ ನೆಲ ಶೇಕಡಾ ನಲವತ್ತೊಂದು. ವರದಿಯಲ್ಲಿ ಹೀಗೆ ಬರೆದೆ: ಸವೆತಕ್ಕೆ ಮುಖ್ಯ ಕಾರಣ ರಗ್ಬಿ, ಬಿಳಿ ಪುಡಿ ರಗ್ಬಿಗಾಗಿ ಎಳೆಯುವ ಹೆಚ್ಚುವರಿ ಸುಣ್ಣದ ಗೆರೆಗಳದ್ದು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕ್ರೀಡಾಂಗಣದ ವ್ಯವಸ್ಥಾಪಕರಾದ ಅಬ್ದುಲ್ಲಾ ಅವರು ನಿರ್ಧಾರ ಪ್ರಕಟಿಸಿದರು. ತಿಂಗಳ ಕೊನೆಗೆ ರಗ್ಬಿ ತಂಡದ ಒಪ್ಪಂದ ಮುಗಿಯುತ್ತದೆ, ನವೀಕರಣವಿಲ್ಲ. ಫುಟ್‌ಬಾಲ್ ತಂಡದ ಕಾರ್ಯದರ್ಶಿ ಸುಕೇಶ್ ಒಂದು ವರ್ಷದಿಂದ ಕೇಳುತ್ತಿದ್ದುದೂ ಇದನ್ನೇ. ನವೆಂಬರ್ ಕೊನೆಯಲ್ಲಿ ಅವರ ಸೆಮಿಫೈನಲ್ ಇದೇ ಅಂಗಣದಲ್ಲಿ ನಡೆಯಬೇಕಿತ್ತು. ಮಂಗಳೂರಿನ ಸುಕೇಶ್ ಹಗಲು ವಿಮಾ ಕಂಪನಿಯಲ್ಲಿ ಅಧಿಕಾರಿ; ಸಂಜೆ ಐದರ ನಂತರ ಅವರಿಗೆ ಫುಟ್‌ಬಾಲ್ ಬಿಟ್ಟು ಬೇರೆ ವಿಷಯವಿಲ್ಲ.

ನಾನು ಹುಲ್ಲು ಕತ್ತರಿಸುವ ಯಂತ್ರದ ಬಳಿಗೆ ಹೋದಾಗ ಕ್ಯಾಸ್ಮಿರ್ ಅಂಕಲ್ ಅದರ ಬ್ಲೇಡು ಬಿಚ್ಚುತ್ತಿದ್ದರು. ಉಡುಪಿ ಕಡೆಯ ಶಿರ್ವದವರು. ಹತ್ತೊಂಬತ್ತು ವರ್ಷಗಳಿಂದ ಈ ಅಂಗಣದ ಮೇಲ್ವಿಚಾರಕರು. ಅವರ ಮಗಳು ಮೆರಿಲ್ ರಗ್ಬಿ ತಂಡದ ನಾಯಕಿ. ಅಪ್ಪನ ಪಕ್ಕದಲ್ಲಿ ಆಕೆಯೂ ನಿಂತಿದ್ದಳು.

"ಆ ರಿಪೋರ್ಟು ನೀನು ಬರೆದದ್ದಾ?" ಎಂದು ಅಂಕಲ್ ಕೇಳಿದರು.

"ಹೌದು ಅಂಕಲ್."

"ಇಂಗ್ಲಿಷ್ ಒಳ್ಳೆದುಂಟು," ಎಂದು ಮತ್ತೆ ಬ್ಲೇಡಿನ ಕಡೆ ತಿರುಗಿದರು.

ಮೆರಿಲ್ ದಂತ ಚಿಕಿತ್ಸಾಲಯದ ಸಮವಸ್ತ್ರದಲ್ಲೇ ಬಂದಿದ್ದಳು. "ನಮಗೆ ಬೇರೆ ಗ್ರೌಂಡ್ ಇಲ್ಲ ಹಿತಾ. ಮೂರು ಕಡೆ ಕೇಳಿ ಆಯ್ತು. ಪಾರ್ಕಿಂಗ್ ಲಾಟಿನ ಮರಳಲ್ಲಿ ಸ್ಕ್ರಮ್ ಮಾಡ್ಲಿಕ್ಕೆ ಆಗುದಿಲ್ಲ. ಇಪ್ಪತ್ಮೂರು ಹುಡುಗಿಯರು ಇದ್ದಾರೆ. ಗ್ರೌಂಡ್ ಹೋದ್ರೆ ಟೀಮ್ ಹೋಯ್ತು, ಅಷ್ಟೇ."

"ಸ್ಕ್ರಮ್‌ನಿಂದ ಹುಲ್ಲು ಹೀಗಾಗುವುದಿಲ್ಲ ಅಂತ ಅಂಕಲ್ ಹೇಳಬಹುದಿತ್ತಲ್ಲ?" ಎಂದು ನಾನು ಕೇಳಿದೆ.

"ಪಪ್ಪಾ ಹೇಳಿದ್ರೆ ಯಾರು ನಂಬ್ತಾರೆ? ಮಗಳು ಆಡ್ತಾಳಲ್ಲ!"

ಅದೇ ಕ್ಷಣಕ್ಕೆ ಸರಿಯಾಗಿ ಗ್ಯಾಲರಿಯ ಮೆಟ್ಟಿಲಿನಿಂದ ಸುಕೇಶ್ ಕೂಗಿದರು: "ಇನ್ನು ಆದ್ರೂ ನಮಗೆ ಹುಲ್ಲು ಸಿಗ್ತದಾ ಕ್ಯಾಸ್ಮಿರಣ್ಣ? ಇಷ್ಟು ವರ್ಷ ಮಗಳ ಟೀಮಿಗೆ ಹುಲ್ಲು, ನಮಗೆ ಮಣ್ಣು!"

"ನಿಮ್ಮ ಫಾರ್ವರ್ಡಿಗೆ ಹುಲ್ಲು ಯಾಕೆ? ಅವನು ಓಡುದೇ ಇಲ್ಲ, ಮೇಯ್ಲಿಕ್ಕಾ?" ಎಂದು ಅಂಕಲ್ ತಲೆಯೆತ್ತದೆ ಉತ್ತರಿಸಿದರು. ಆದರೆ ಅವರ ದನಿಯಲ್ಲಿ ಎಂದಿನ ಹುಮ್ಮಸ್ಸು ಇರಲಿಲ್ಲ.

ಬುಧವಾರ, ಒಂಬತ್ತನೆಯ ತಾರೀಕು, ವರದಿಯ ಕಡತಕ್ಕೆ ಇನ್ನೂ ನಾಲ್ಕು ಛಾಯಾಚಿತ್ರಗಳು ಬೇಕಾಗಿದ್ದವು. ಅಂಗಣದ ಉದ್ದಕ್ಕೂ ನಿಂತ ಜಾಹೀರಾತು ಫಲಕಗಳ ಹಿಂದೆ ನಾಲ್ಕು ಮೀಟರ್ ಅಗಲದ ಒಂದು ಪಟ್ಟಿ ಇದೆ. ಅದೇ ಹುಲ್ಲು, ಅದೇ ಮಣ್ಣು, ಅದೇ ನೀರು. ಆದರೆ ಆಟದ ಗೆರೆಯ ಹೊರಗೆ. ಛಾಯಾಚಿತ್ರಕ್ಕೆ ದೂರ ಸಾಲದೆ ನಾನು ಅಲ್ಲಿಗೆ ಹಿಂದೆ ಸರಿದೆ. ಕಾಲ ಕೆಳಗೆ ಏನೋ ಗರಗರ ಎಂದಿತು. ನೋಡಿದರೆ ಅಲ್ಲಿಯೂ ಹುಲ್ಲು ಕಂದಿದೆ, ಅಲ್ಲಿಯೂ ಬಿಳಿ ಪುಡಿ. ಒಂದು ಮೀಟರ್ ಉದ್ದಗಲದ ಚೌಕಟ್ಟಿಟ್ಟು ಎಣಿಸಿದೆ. ಶೇಕಡಾ ನಲವತ್ನಾಲ್ಕು.

ನಾನು ಅಲ್ಲೇ ಕುಳಿತೆ. ಯಾವುದೇ ಪ್ರಯೋಗದಲ್ಲಿ ಮೊದಲು ಬೇಕಾದದ್ದು ಹೋಲಿಕೆಯ ಜಾಗ, ಅಂದರೆ ಸಂಶಯಿಸಿದ ಕಾರಣ ತಲುಪದ ಜಾಗ. ಮೊದಲ ವರ್ಷದ ಪ್ರಯೋಗಾಲಯದಲ್ಲಿ ಕಲಿಸುವ ಪಾಠವದು. ನನ್ನ ವರದಿಯಲ್ಲಿ ಅದು ಇರಲಿಲ್ಲ.

"ಎಂತ ಹುಡುಕುದು? ಕಿವಿಯ ಓಲೆ ಬಿತ್ತಾ?" ಕ್ಯಾಸ್ಮಿರ್ ಅಂಕಲ್ ಫಲಕದ ಮೇಲಿಂದ ಬಗ್ಗಿ ನೋಡಿದರು.

"ಅಂಕಲ್, ಈ ಪಟ್ಟಿಯಲ್ಲಿ ಯಾರು ಆಡ್ತಾರೆ?"

"ಇಲ್ಲಿಯಾ? ಬೆಕ್ಕು."

"ಬೆಕ್ಕು ಸ್ಕ್ರಮ್ ಮಾಡುತ್ತಾ?"

ಅವರು ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು.

"ಇಲ್ಲಿ ಗೆರೆ ಎಳೀತೀರಾ?"

"ಇಲ್ಲಿ ಎಂತಕ್ಕೆ ಎಳೆಯುದು ಮಾರಾಯ್ತಿ?"

"ಹಾಗಾದರೆ ಈ ಬಿಳಿ ಪುಡಿ ಎಲ್ಲಿಂದ ಬಂತು?"

ಅವರು ಹೋಗಿ ಎರಡು ಚಹಾದ ಗ್ಲಾಸುಗಳಲ್ಲಿ ಕುಡಿಯುವ ನೀರು ತಂದರು. ಒಂದಕ್ಕೆ ಗೆರೆ ಎಳೆಯುವ ಚೀಲದಿಂದ ಒಂದು ಚಮಚ ಪುಡಿ ಹಾಕಿದೆ. ಇನ್ನೊಂದಕ್ಕೆ ನೆಲದಿಂದ ಜಾಗರೂಕತೆಯಿಂದ ಕೆರೆದ ಬಿಳಿ ಪುಡಿ, ಅಷ್ಟೇ ಪ್ರಮಾಣ. ಎರಡನ್ನೂ ಅರವತ್ತು ಸಲ ಕಲಕಿದೆ. ಮೊದಲ ಗ್ಲಾಸು ಮಜ್ಜಿಗೆಯಂತೆ ಬೆಳ್ಳಗೆ ಉಳಿಯಿತು. ಎರಡನೆಯದರಲ್ಲಿ ತಳಕ್ಕೆ ನಾಲ್ಕಾರು ಮರಳಿನ ಕಣ ಕುಳಿತದ್ದನ್ನು ಬಿಟ್ಟರೆ ನೀರು ತಿಳಿಯಾಯಿತು. ಪುಡಿ ಕರಗಿಹೋಗಿತ್ತು. ಕರಗಿದ್ದನ್ನು ಅಳೆಯುವ ಮೀಟರನ್ನು ನಾನು ನನ್ನ ಚೀಲದಿಂದ ತೆಗೆಯುವಷ್ಟರಲ್ಲಿ ಅಂಕಲ್ ಎರಡನೆಯ ಗ್ಲಾಸಿನಲ್ಲಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿದ್ದರು.

"ಉಪ್ಪು," ಎಂದರು. "ಮೂರು ವರ್ಷ ನಾನು ಇದನ್ನು ಸುಣ್ಣ ಅಂತ ಗುಡಿಸಿದ್ದೇನೆ."

ಈ ವಿಧಾನವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಆದರೆ ಮೀಟರ್ ಹೇಳಿದ್ದೂ ಅದನ್ನೇ. ಪಟ್ಟಿಯ ಮೇಲ್ಮಣ್ಣಿನಲ್ಲಿ ಉಪ್ಪಿನ ಅಳತೆ 14.2 ಇತ್ತು; ಅಂಗಣದ ನಡುವೆ 13.8. ಹತ್ತರ ಮೇಲೆ ಹೋದರೆ ಹುಲ್ಲಿಗೆ ಕಷ್ಟ. ಈ ಹುಲ್ಲು ನಮ್ಮ ಗರಿಕೆಯ ಜಾತಿಯದು. ಸಾಕಷ್ಟು ಉಪ್ಪನ್ನು ಸಹಿಸುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ.

ಅಂಕಲ್‌ಗೆ ನಾನು ಕೊಟ್ಟ ವಿವರಣೆ ಇದು. ಇಲ್ಲಿಯ ಬಾವಿಯ ನೀರು ಸ್ವಲ್ಪ ಉಪ್ಪು. ದಿನವೂ ನೀರು ಬಿಟ್ಟರೆ ಆ ಉಪ್ಪು ಕೆಳಕ್ಕೆ ಇಳಿದುಹೋಗುತ್ತದೆ. ಬಿಡದಿದ್ದರೆ ಬಿಸಿಲು ನೀರನ್ನು ಮೇಲಕ್ಕೆ ಎಳೆದು ಒಣಗಿಸುತ್ತದೆ, ಉಪ್ಪು ನೆಲದ ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಹೊರಮೈಗೆ ಬಿಳಿ ಹತ್ತುವುದೂ ಹೀಗೆಯೇ.

"ಆದ್ರೆ ದಿನಾ ನೀರು ಬಿಡ್ತಾರಲ್ಲ," ಎಂದರು ಅಂಕಲ್. "ಬಾದುಶಾ ಬೆಳಿಗ್ಗೆ ನಮಾಜು ಮುಗಿಸಿ ಸೀದಾ ವಾಲ್ವಿಗೇ ಬರುದು."

ಗುರುವಾರ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಪಂಪ್ ಶೆಡ್ಡಿಗೆ ಹೋದೆವು. ಪಂಪ್ ನೋಡಿಕೊಳ್ಳುವ ಬಾದುಶಾ ಉಳ್ಳಾಲದವರು, ಐವತ್ತು ದಾಟಿದವರು. ಬಾಗಿಲ ಮುಂದೆ ಕುಳಿತು ಖುಬೂಸ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು.

"ಬಾದುಶಾಕಾ, ದಿನಾ ನೀರು ಬಿಡ್ತೀರಲ್ಲ?"

"ದಿನಾ ಬಿಡ್ತೇನೆ. ಅದಕ್ಕೇ ಅಲ್ವಾ ನಾನು ಇರುದು."

"ಇವತ್ತು ಬಿಟ್ರಾ?"

"ಇವತ್ತು ಗುರುವಾರ ಅಲ್ವಾ? ರಗ್ಬಿಯವರು ಬೇಡ ಹೇಳಿದ್ದಾರೆ, ಕಾಲು ಜಾರ್ತದಂತೆ. ಒಂದು ದಿನ." ಅವರು ಹೆಬ್ಬೆರಳು ಎತ್ತಿದರು.

"ನಾಳೆ?"

"ನಾಳೆ ಫುಟ್‌ಬಾಲ್. ಅವರಿಗೂ ಬೇಡ. ಅದೂ ಒಂದೇ ದಿನ." ತೋರುಬೆರಳು.

"ನಾಡಿದ್ದು ಶನಿವಾರ?"

"ನಾಡಿದ್ದು ನನ್ನ ರಜೆ. ನಾಳೆ ಜುಮ್ಮಾ ನಮಾಜು ಆದ ಕೂಡ್ಲೆ ಬರ್ಕಾಕ್ಕೆ ಹೋಗ್ತೇನೆ, ಅಣ್ಣನ ಅಂಗಡಿಗೆ. ಒಂದು ದಿನ ಅಲ್ವಾ..." ನಡುಬೆರಳು ಎದ್ದಿತು.

ಅವರು ಮೂರು ಬೆರಳುಗಳನ್ನೂ ನೋಡುತ್ತ ಕುಳಿತರು. ರೊಟ್ಟಿ ಚಹಾದಲ್ಲಿ ಮುಳುಗಿಹೋಯಿತು.

"ಯಾ ಅಲ್ಲಾ," ಎಂದರು. "ಇದನ್ನು ಒಟ್ಟಿಗೆ ನಾನು ಯಾವತ್ತೂ ಎಣಿಸ್ಲಿಲ್ಲ."

ಯಾರೂ ಎಣಿಸಿರಲಿಲ್ಲ. ರಗ್ಬಿಯವರು ತಮ್ಮ ಒಂದು ದಿನವನ್ನು ಬಾದುಶಾ ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದರು, ಫುಟ್‌ಬಾಲಿನವರೂ ಹಾಗೆಯೇ. ರಜೆ ಅವರ ಹಕ್ಕು. ಒಂದೊಂದನ್ನೇ ತೆಗೆದುಕೊಂಡರೆ ಮೂರೂ ನ್ಯಾಯವಾದ ಬೇಡಿಕೆಗಳು. ಒಟ್ಟಿಗೆ ಜೋಡಿಸಿದಾಗ ವಾರಕ್ಕೆ ಮೂರು ಬೆಳಗುಗಳು ಸಾಲಾಗಿ ಒಣಗಿರುತ್ತಿದ್ದವು. ಆ ಮೂರರ ನಡುವೆಯೇ ಎರಡು ಪಂದ್ಯಗಳೂ ನಡೆಯುತ್ತಿದ್ದವು.

ಹದಿಮೂರರ ಭಾನುವಾರ ಅಬ್ದುಲ್ಲಾ ಅವರ ಕಚೇರಿಯಲ್ಲಿ ಸಭೆ ಸೇರಿತು. ನಾನು ಮೊದಲು ನನ್ನ ವರದಿಯನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ನಂತರ ಎರಡು ಗ್ಲಾಸುಗಳನ್ನು ಅವರ ಮೇಜಿನ ಮೇಲಿಟ್ಟು ಅದೇ ಪ್ರಯೋಗವನ್ನು ಮಾಡಿ ತೋರಿಸಿದೆ. ಕೊನೆಗೆ ವಾರದ ಏಳು ದಿನಗಳ ಪಟ್ಟಿಯನ್ನು ತೆರೆದೆ. ಮೂರು ಚೌಕಗಳಿಗೆ ಕೆಂಪು ಬಣ್ಣ ಹಚ್ಚಿತ್ತು.

ಸುಕೇಶ್ ಪಟ್ಟಿಯನ್ನು ಎಳೆದುಕೊಂಡರು. "ಗುರುವಾರ ಯಾಕೆ ಕೆಂಪು?"

"ನಾವು ನೀರು ಬೇಡ ಅಂದದ್ದು," ಎಂದಳು ಮೆರಿಲ್.

"ನೀವೂ ಹೇಳಿದ್ದಾ?"

"ನೀವೂ ಅಂದ್ರೆ? ನೀವು ಹೇಳಿದ್ರಾ?"

ಅಬ್ದುಲ್ಲಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮೊಡನೆ ಅವರು ಯಾವಾಗಲೂ ಹಿಂದಿಯಲ್ಲೇ ಮಾತನಾಡುತ್ತಿದ್ದರು. "ಒಂದೇ ಊರಿನ ಕಡೆಯವರು. ಒಂದೇ ನೆಲ. ಮೂರು ವರ್ಷದಲ್ಲಿ ಒಬ್ಬರನ್ನೊಬ್ಬರು ಒಂದು ಮಾತೂ ಕೇಳಲಿಲ್ಲವೇ?"

ಮೆರಿಲ್ ಆ ಕೆಂಪು ಚೌಕಗಳನ್ನು ಮತ್ತೊಮ್ಮೆ ಎಣಿಸಿದಳು. ಆದರೆ ಸುಕೇಶ್ ಸುಲಭವಾಗಿ ಬಿಡುವವರಲ್ಲ; ಅವರ ಆಕ್ಷೇಪದಲ್ಲಿ ಹುರುಳೂ ಇತ್ತು. ಮೂರು ವರ್ಷದ ಹಿಂದೆ ಒದ್ದೆ ನೆಲದಲ್ಲಿ ಜಾರಿ ಅವರ ಗೋಲ್‌ಕೀಪರ್‌ನ ಮೊಣಕಾಲು ಹೋಗಿತ್ತು. ಬೆಳಿಗ್ಗೆ ಐದಕ್ಕೆ ಬಿಟ್ಟ ನೀರು ಮಧ್ಯಾಹ್ನ ಹನ್ನೆರಡರೊಳಗೆ ಇಳಿದಿರುತ್ತದೆ, ಸಂಜೆಯ ಆಟಕ್ಕೆ ಮೇಲ್ಮೈ ಒಣಗಿರುತ್ತದೆ ಎಂದೆ. ಅಂದು ಜಾರಿದ್ದು ಮಧ್ಯಾಹ್ನ ಮೂರಕ್ಕೆ ನೀರು ಬಿಟ್ಟ ದಿನ ಎಂದು ಬಾದುಶಾ ನೆನಪಿಸಿದರು.

"ಇದೆಲ್ಲ ಬಾಯಿಮಾತು," ಎಂದರು ಸುಕೇಶ್. "ಸರಿ ಆಗದಿದ್ರೆ?"

ಅಬ್ದುಲ್ಲಾ ಅವರು ಷರತ್ತು ಹಾಕಿದರು. ಮೂರು ವಾರ ಏಳೂ ದಿನ ನೀರು. ಎರಡೂ ತಂಡಗಳು ಎಂದಿನಂತೆ ಆಡಬೇಕು. ನವೆಂಬರ್ ಎರಡರ ಶನಿವಾರ, ಎರಡೂ ಪಂದ್ಯ ಮುಗಿದ ಮರುಬೆಳಿಗ್ಗೆ, ಹನ್ನೆರಡು ಜಾಗಗಳಲ್ಲಿ ನೆಲದ ಹಿಡಿತವನ್ನು ಪರೀಕ್ಷಿಸಬೇಕು. ಕನಿಷ್ಠ ಮಿತಿ ಇಪ್ಪತ್ತೈದು. ಪ್ರತಿ ಜಾಗಕ್ಕೂ ಮೂರು ಅಳತೆಯ ಸರಾಸರಿ. "ಹನ್ನೆರಡರಲ್ಲಿ ಒಂದು ಜಾಗ ಸೋತರೂ ರಗ್ಬಿ ಖಲಾಸ್," ಎಂದರು.

"ಜಾಗ ನಾನು ಆರಿಸ್ತೇನೆ," ಎಂದರು ಸುಕೇಶ್.

ಮೆರಿಲ್ ನನ್ನತ್ತ ನೋಡಿದಳು. ನನ್ನ ಮೊದಲ ವರದಿಗೆ ಜಾಗಗಳನ್ನು ನಾನೇ ಆರಿಸಿದ್ದೆ; ತಪ್ಪಾದದ್ದೂ ಅಲ್ಲಿಯೇ. "ಆಗಲಿ," ಎಂದೆ.

ಉಳಿದದ್ದು ಶನಿವಾರದ ಬೆಳಗು. ಬಾದುಶಾ ಅವರು ರಜೆ ಬಿಟ್ಟುಕೊಡಲು ಸಿದ್ಧರಿದ್ದರು. ಕ್ಯಾಸ್ಮಿರ್ ಅಂಕಲ್ ತಾವು ಬರುವುದಾಗಿ ಹೇಳಿದರು. ಸುಕೇಶ್ ಇಬ್ಬರನ್ನೂ ತಡೆದರು. "ನೀವು ಬೇಡ ಕ್ಯಾಸ್ಮಿರಣ್ಣ. ಆಮೇಲೆ ನೀರು ಕಡಿಮೆ ಆಯ್ತು, ಜಾಸ್ತಿ ಆಯ್ತು ಅಂತ ನೆಪ ಬೇಡ. ಶನಿವಾರ ನಾನೇ ಬರ್ತೇನೆ."

ಹತ್ತೊಂಬತ್ತರ ಶನಿವಾರ ಬೆಳಿಗ್ಗೆ ಐದಕ್ಕೆ ಎರಡು ನಿಮಿಷ ಇರುವಾಗ ನನ್ನ ಫೋನಿಗೆ ಸುಕೇಶ್ ಅವರ ಸಂದೇಶ ಬಂತು: ವಾಲ್ವ್ ಯಾವ ಕಡೆ ತಿರುಗಿಸುದು? ಎಡಕ್ಕೆ ಎಂದು ಉತ್ತರಿಸಿದೆ. ಮತ್ತೊಂದು ಸಂದೇಶ: ಆಯ್ತು, ನಾನು ಪೂರ್ತಿ ಒದ್ದೆ. ಇದನ್ನು ನಾನು ಯಾರಿಗೂ ತೋರಿಸಲಿಲ್ಲ. ಆದರೆ ಅವರು ಅದೇ ಸಂದೇಶವನ್ನು ಅಂಕಲ್‌ಗೂ ಕಳಿಸಿದ್ದರು. ಭಾನುವಾರದಿಂದ ಅಂಕಲ್, ಸುಕೇಶ್ ಅವರನ್ನು ಕರೆಯುವಾಗಲೆಲ್ಲ "ಒದ್ದೆ ಸೆಕ್ರೆಟರಿ" ಎನ್ನತೊಡಗಿದರು.

ಹದಿನೇಳರಂದು ಉಪ್ಪಿನ ಅಳತೆ 9.6ಕ್ಕೆ ಇಳಿದಿತ್ತು. ಇಪ್ಪತ್ನಾಲ್ಕಕ್ಕೆ 6.1. ಗರಿಕೆ ನೆಲಕ್ಕೆ ಅಂಟಿಕೊಂಡು ಬಳ್ಳಿ ಹಬ್ಬಿಸುವ ಹುಲ್ಲು. ಉಪ್ಪು ಇಳಿದ ಕೂಡಲೇ ಅದು ತೇಪೆಗಳ ಅಂಚಿನಿಂದ ಒಳಕ್ಕೆ ನಡೆಯತೊಡಗಿತು. ಇಪ್ಪತ್ನಾಲ್ಕರ ಸಂಜೆ ಪಂದ್ಯಕ್ಕೆ ಮೊದಲು ಮೆರಿಲ್ ಅಂಗಣದ ನಡುವೆ ಮಂಡಿಯೂರಿ ಅಂಗೈಯನ್ನು ನೆಲಕ್ಕೆ ಒತ್ತಿದಳು. ಕೈ ಎತ್ತಿ ನನಗೆ ತೋರಿಸಿದಳು, ಒಣಗಿತ್ತು. ಆ ಪಂದ್ಯದಲ್ಲಿ ಯಾರೂ ಜಾರಲಿಲ್ಲ.

ಇಪ್ಪತ್ತಾರರ ಶನಿವಾರ ಸುಕೇಶ್ ಪ್ರಶ್ನೆ ಕಳಿಸಲಿಲ್ಲ. ಒಂದು ಛಾಯಾಚಿತ್ರ ಕಳಿಸಿದರು: ಬೆಳಗಿನ ಬೆಳಕಿನಲ್ಲಿ ಬೋಳು ನೆಲಕ್ಕೆ ಚಾಚಿದ ಗರಿಕೆಯ ಒಂದು ಎಳೆ, ಅದರ ಪಕ್ಕದಲ್ಲಿ ಅಳತೆಗೆಂದು ಇಟ್ಟ ಅವರ ಕಾರಿನ ಕೀ. ಕೆಳಗೆ ಬರೆದಿದ್ದರು: ಹೋದ ವಾರ ಇದು ಇರಲಿಲ್ಲ ಅಲ್ವಾ?

ಅಕ್ಟೋಬರ್ ಮೂವತ್ತೊಂದು, ಗುರುವಾರ. ರಗ್ಬಿ ಪಂದ್ಯದಲ್ಲಿ ಹದಿನೇಳು ಸ್ಕ್ರಮ್‌ಗಳು ನಡೆದವು. ನಾನು ಒಂದೊಂದರ ಜಾಗವನ್ನೂ ನಕ್ಷೆಯ ಮೇಲೆ ಗುರುತಿಸಿದೆ. ಮೆರಿಲ್ ತಂಡ ಇಪ್ಪತ್ತೆರಡು–ಹದಿನೇಳು ಅಂಕಗಳಿಂದ ಗೆದ್ದಿತು. ಶುಕ್ರವಾರ ಫುಟ್‌ಬಾಲ್ ತಂಡವೂ ಎರಡು–ಒಂದು ಗೋಲುಗಳಿಂದ ಗೆದ್ದಿತು. ಎರಡನೆಯ ಗೋಲು ಹೊಡೆದದ್ದು ಅಂಕಲ್ ಛೇಡಿಸಿದ್ದ ಅದೇ ಫಾರ್ವರ್ಡ್. "ಮೇಯ್ದದ್ದು ಮೈಗೆ ಹತ್ತಿದೆ," ಎಂದು ಅಂಕಲ್ ಗ್ಯಾಲರಿಯಿಂದ ಕೂಗಿದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ ಆರಂಭವಾಯಿತು. ಸಾಧನ ಸರಳ: ಬೂಟಿನ ಅಡಿಯಲ್ಲಿರುವಂಥ ಮುಳ್ಳುಗಳಿರುವ ಭಾರದ ಲೋಹದ ತಟ್ಟೆ, ಅದನ್ನು ತಿರುಗಿಸುವ ಹಿಡಿಕೆ, ಹುಲ್ಲು ಹರಿಯುವ ಕ್ಷಣದಲ್ಲಿ ಬಲವನ್ನು ಅಂಕಿಫಲಕದ ಮೇಲೆ ತೋರಿಸುವ ಮುಳ್ಳು. ಸುಕೇಶ್ ನನ್ನ ನಕ್ಷೆಯನ್ನೇ ಕೇಳಿ ಪಡೆದು, ಸ್ಕ್ರಮ್‌ಗಳು ಹೆಚ್ಚು ಬಿದ್ದ ಎಂಟು ಜಾಗಗಳನ್ನು ಮೊದಲು ಆರಿಸಿದರು. ಇಪ್ಪತ್ಮೂರು ಹುಡುಗಿಯರೂ ಗ್ಯಾಲರಿಯ ಕೆಳಗಿನ ಸಾಲಿನಲ್ಲಿ ಕುಳಿತಿದ್ದರು. ಬಾದುಶಾ ಬರ್ಕಾದಿಂದ ಬೇಗನೆ ಮರಳಿದ್ದರು.

ಮೊದಲ ಆರು ಜಾಗಗಳು: 31, 29, 33, 28, 30, 27. ಅಬ್ದುಲ್ಲಾ ಅವರು ಪ್ರತಿಯೊಂದನ್ನೂ ತಾವೇ ಬರೆದುಕೊಂಡರು.

ಏಳನೆಯ ಜಾಗದಲ್ಲಿ ನಾಲ್ಕು ಸ್ಕ್ರಮ್‌ಗಳು ಒಂದರ ಮೇಲೊಂದು ಬಿದ್ದಿದ್ದವು. ನಾನು ಹಿಡಿಕೆ ತಿರುಗಿಸಿದೆ. ಹುಲ್ಲು ಹರಿಯಿತು. ಮುಳ್ಳು ಇಪ್ಪತ್ಮೂರರಲ್ಲಿ ನಿಂತಿತು.

ಅಬ್ದುಲ್ಲಾ ಅವರ ಪೆನ್ನು ಕಾಗದದ ಮೇಲೆ ತಡೆಯಿತು. ಮೆರಿಲ್ ಅಪ್ಪನ ತೋಳನ್ನು ಹಿಡಿದುಕೊಂಡಳು. ನಿಯಮವನ್ನು ನೆನಪಿಸಬೇಕಾದದ್ದು ನಾನು. ಆದರೆ ನಾನು ಇನ್ನೂ ಆ ಮುಳ್ಳನ್ನೇ ನೋಡುತ್ತಿದ್ದೆ.

"ಮೂರರ ಸರಾಸರಿ ಅಂತ ಉಂಟಲ್ಲ," ಎಂದರು ಸುಕೇಶ್. "ಇನ್ನೂ ಎರಡು ಬಾಕಿ ಉಂಟು. ಯಲ್ಲಾ, ಬೇಗ ಬೇಗ, ತಿರುಗಿಸಿ ಹಿತಾ."

ತಟ್ಟೆಯನ್ನು ನಿಯಮದಂತೆ ಅರ್ಧ ಮೀಟರ್ ಸರಿಸಿದೆ. ಇಪ್ಪತ್ತೇಳು. ಮತ್ತೆ ಸರಿಸಿದೆ. ಇಪ್ಪತ್ತೆಂಟು. ಮೂರನ್ನೂ ಕೂಡಿದರೆ ಎಪ್ಪತ್ತೆಂಟು, ಸರಾಸರಿ ಇಪ್ಪತ್ತಾರು. ಕೆಳಗಿನ ಸಾಲಿನಿಂದ ಎದ್ದ ಕೂಗಿಗೆ ಮಾರುಕಟ್ಟೆಯ ಕಡೆಯ ಗೋಡೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಎಂಟರಿಂದ ಹನ್ನೊಂದರವರೆಗೆ ಯಾವುದೂ ಇಪ್ಪತ್ತೊಂಬತ್ತಕ್ಕಿಂತ ಕಡಿಮೆ ಬರಲಿಲ್ಲ. ಹನ್ನೆರಡನೆಯ ಜಾಗಕ್ಕೆ ಸುಕೇಶ್ ಅಂಗಣವನ್ನೇ ಬಿಟ್ಟು ನಡೆದರು. ಜಾಹೀರಾತು ಫಲಕವನ್ನು ಸರಿಸಿ ಅದರ ಹಿಂದಿನ ಪಟ್ಟಿಯಲ್ಲಿ ನಿಂತರು. "ಹೋಲಿಕೆಗೆ ಇದೂ ಬೇಕಲ್ಲ?" ಎಂದು ನನ್ನನ್ನು ಕೇಳಿದರು. ಅಲ್ಲಿ ಹುಲ್ಲು ಶೇಕಡಾ ಎಂಬತ್ತೊಂದು ನೆಲವನ್ನು ಮುಚ್ಚಿತ್ತು. ಸರಾಸರಿ ಮೂವತ್ನಾಲ್ಕು.

"ಬೆಕ್ಕು ಫಸ್ಟ್ ಕ್ಲಾಸ್," ಎಂದರು ಕ್ಯಾಸ್ಮಿರ್ ಅಂಕಲ್.

ಅಬ್ದುಲ್ಲಾ ಅವರು ಅಲ್ಲೇ, ಫಲಕದ ಮೇಲೆ ಕಾಗದವಿಟ್ಟು, ರಗ್ಬಿ ತಂಡದ ಒಪ್ಪಂದವನ್ನು ಇನ್ನೂ ಎರಡು ವರ್ಷಕ್ಕೆ ನವೀಕರಿಸಿ ಸಹಿ ಹಾಕಿದರು. ಮೆರಿಲ್ ಸುಕೇಶ್‌ಗೆ ಕೈ ನೀಡಿದಳು. "ಇನ್ನು ಶನಿವಾರದ ನೀರು?"

"ಒಂದು ವಾರ ನಾನು, ಒಂದು ವಾರ ನೀನು," ಎಂದರು ಅವರು. "ವಾಲ್ವ್ ಎಡಕ್ಕೆ ತಿರುಗಿಸುದು. ನಿಧಾನಕ್ಕೆ."

ನಾನು ಗ್ಯಾಲರಿಯ ಮೆಟ್ಟಿಲ ಮೇಲೆ ಕುಳಿತು ಹೊಸ ವರದಿಯನ್ನು ಪೂರ್ತಿಮಾಡಿದೆ. ಅಂಕಲ್ ಹತ್ತಿರ ಬಂದು ನಿಂತರು.

"ಓದು ನೋಡುವ. ಈ ಸಲ ನಮಗೆ ಅರ್ಥ ಆಗುವ ಹಾಗೆ, ಕನ್ನಡದಲ್ಲಿ."

ಎಲ್ಲರೂ ಸುತ್ತ ಸೇರಿದ ಮೇಲೆ, ಹತ್ತೂ ಮುಕ್ಕಾಲಿಗೆ, ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದೆ.

ತೀರ್ಮಾನ: ಪರೀಕ್ಷಿಸಿದ ಹನ್ನೆರಡು ಜಾಗಗಳಲ್ಲಿ ಹನ್ನೆರಡೂ ಮಿತಿಯನ್ನು ದಾಟಿವೆ, ವಾರದ ಏಳೂ ಬೆಳಿಗ್ಗೆ ನೀರು ಸಿಕ್ಕರೆ ಈ ಅಂಗಣ ಎರಡೂ ತಂಡಗಳ ಆಟವನ್ನು ತಾಳಿಕೊಳ್ಳುತ್ತದೆ.